ಎಳೆದರೆ ಬಿಚ್ಚುವ ಗಂಟು

ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕಟ್ಟಿದ ವಸ್ತು ಒಂದೂ ಇಲ್ಲ. ಅಂಗಳದ ಬಟ್ಟೆಹಗ್ಗ, ಹಳೆ ಪೇಪರಿನ ಕಟ್ಟು, ಅಕ್ಕಿಚೀಲದ ಬಾಯಿ, ಸ್ಕೂಟರಿಗೆ ಹೊದೆಸಿದ ಟಾರ್ಪಾಲು ಎಲ್ಲಕ್ಕೂ ನಾನು ಹಾಕುವುದು ಒಂದೇ ಗಂಟು. ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು. ಬೇಡದಾಗಲೂ ಅದು ಬಿಚ್ಚಿಕೊಳ್ಳುವುದುಂಟು. ಹೋದ ಮಳೆಗಾಲದಲ್ಲಿ ಒಗೆದ ಬಟ್ಟೆಯ ಸಾಲಿಗೆ ಸಾಲೇ ಕೆಸರಿಗೆ ಬಿತ್ತು. ನನ್ನ ಹೆಂಡತಿ ಸುಗಂಧಿ ಅದನ್ನು ಹೆಕ್ಕುತ್ತ, ಮದುವೆಯ ದಿನ ಕರಿಮಣಿ ಕಟ್ಟುವಾಗ ನನಗೆ ಈ ಗಂಟು ಗೊತ್ತಿಲ್ಲದೆ ಇದ್ದದ್ದು ತನ್ನ ಪುಣ್ಯವೋ ಪಾಪವೋ ಎಂದು ಬೇಲಿಯಾಚೆಗೂ ಕೇಳುವಂತೆ ಹೇಳಿದಳು.

ಈ ಗಂಟನ್ನು ನಾನು ಕಲಿತದ್ದು ನಲವತ್ತೈದು ದಾಟಿದ ಮೇಲೆ. ಕಲಿಸಿದವರು ಎರಡನೆಯ ತರಗತಿಯನ್ನೂ ಮುಗಿಸದ ಒಬ್ಬ ಹೆಂಗಸು. ಅದನ್ನು ಹೇಳಬೇಕಾದರೆ ಒಂದು ಪ್ರಶ್ನೆಯ ವಿಷಯ ಹೇಳಬೇಕು. ಪ್ರಶ್ನೆಯ ವಿಷಯ ಹೇಳಬೇಕಾದರೆ ಮೊದಲು ನೀರಿನ ವಿಷಯ. ಮಂಗಳೂರಿನ ಬೋಳಾರದಲ್ಲಿ ಹುಟ್ಟಿದವನಿಗೆ ನೀರಿನಿಂದ ಶುರುಮಾಡುವುದು ಸುಲಭ.

ಹೊಳೆ ನಮ್ಮ ಹಿತ್ತಿಲಿನಿಂದ ಕೂಗಳತೆ. ಆಟಿ ತಿಂಗಳ ಜಡಿಮಳೆಗೆ ಸಮುದ್ರದ ಭರತ ಸೇರಿತೆಂದರೆ ಹೊಳೆ ತೋಡಿನ ದಾರಿ ಹಿಡಿದು ಹಿಂದಕ್ಕೆ ಹತ್ತಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ಶಾಲೆಗೆ ರಜೆ. ನಮಗೆ ಅದಕ್ಕಿಂತ ಹೆಚ್ಚಿನ ಹಬ್ಬ ಇರಲಿಲ್ಲ. ಒಂದು ಸಲ ಹಿತ್ತಿಲಿನ ಸೌದೆಯ ರಾಶಿ ಮಾತ್ರ ನೀರಿನ ಮೇಲೆ ಉಳಿದು, ಅದರ ನೆತ್ತಿಯಲ್ಲಿ ನಮ್ಮ ಬೆಕ್ಕು, ಎರಡು ಹೆಗ್ಗಣ, ಒಂದು ನೀರುಹಾವು, ಮೊಟ್ಟೆ ಕಚ್ಚಿಕೊಂಡ ಇರುವೆಗಳ ಒಂದು ದೊಡ್ಡ ಮುದ್ದೆ ಒಟ್ಟಿಗೆ ಕೂತಿದ್ದವು. ಕಲ್ಲು ಹೊಡೆಯಲು ಹೋದ ನನ್ನ ಕೈಯನ್ನು ಅಜ್ಜಿ ಹಿಡಿದಳು. ನೀರು ಇಳಿಯುವವರೆಗೆ ಯಾರಿಗೂ ಯಾರೂ ಶತ್ರು ಅಲ್ಲ ಎಂದಳು. ಸಂಜೆಗೆ ನೀರು ಇಳಿಯಿತು. ಇಳಿದು ಸ್ವಲ್ಪ ಹೊತ್ತಿಗೆಲ್ಲ ಬೆಕ್ಕು ಒಂದು ಹೆಗ್ಗಣವನ್ನು ಕಚ್ಚಿಕೊಂಡು ಅಡುಗೆಮನೆಯ ಹಿಂದೆ ಹೋಯಿತು. ಅಜ್ಜಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನೀರು ಇಳಿಯುವವರೆಗೆ ಎಂದಿದ್ದಳು, ಅಷ್ಟೆ.

ಹೀಗೆ ನೆರೆ ಎಂದರೆ ನನಗೆ ನಡುಗುವ ಸಂಗತಿ ಆಗಿರಲಿಲ್ಲ, ಹೇಳಿಕೊಂಡು ನಗುವ ಸಂಗತಿಯಾಗಿತ್ತು. ಮುಂದೆ ಪ್ರಾಣಿಶಾಸ್ತ್ರ ಓದಿ, ಬಲ್ಮಠದ ಕಡೆಯ ಒಂದು ಕಾಲೇಜಿನಲ್ಲಿ ಮೇಷ್ಟ್ರಾದ ಮೇಲೂ ಸೌದೆರಾಶಿಯ ಬೆಕ್ಕು ಪ್ರತಿವರ್ಷ ನನ್ನ ಪಾಠದಲ್ಲಿ ಬಂದು ಹೋಗುತ್ತಿತ್ತು. ನನಗೆ ಒಳ್ಳೆಯ ಮೇಷ್ಟ್ರೆಂಬ ಹೆಸರಿತ್ತು. ಬೋರ್ಡಿನಲ್ಲಿ ನಾನು ಬರೆದ ಹುಲಿ ಬೆಕ್ಕಿನ ಹಾಗೆ ಕಾಣುತ್ತಿತ್ತು ಎಂಬುದನ್ನು ಬಿಟ್ಟರೆ ನನ್ನ ಮೇಲೆ ಬೇರೆ ದೂರಿರಲಿಲ್ಲ. ತರಗತಿಯನ್ನು ನಗಿಸುವುದು ನನಗೆ ಒಂದು ಚಟವಾಗಿಬಿಟ್ಟಿತ್ತು.

ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಅದೂ ಆಟಿ ತಿಂಗಳೇ. ಯಾವ ಪ್ರಾಣಿ ಯಾವ ಖಂಡದಲ್ಲಿ, ಏಕೆ ಎಂಬ ಪಾಠ ನಡೆದಿತ್ತು. ಹಿಂದಿನ ಬೆಂಚಿನಿಂದ ಹರಿಣಾಕ್ಷಿ ಎಂಬ ಹುಡುಗಿ ಎದ್ದು ನಿಂತಳು. ಬಂಟ್ವಾಳದಿಂದಲೂ ಆಚೆ, ಹೊಳೆಬದಿಯ ಒಂದು ಊರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವಳು. ಅದಕ್ಕೆ ಮುಂಚೆ ಅವಳು ಬಾಯಿ ತೆರೆದದ್ದು ಹಾಜರಿ ಹೇಳಲು ಮಾತ್ರ. "ಸರ್, ಇಡೀ ಭೂಮಿ ಮುಳುಗುವ ಹಾಗೆ ನೀರು ಬಂದ್ರೆ, ಆಮೇಲೆ ಪ್ರಾಣಿಗಳು ಪುನಃ ಬರ್ತಾವಾ?" ಎಂದು ಕೇಳಿದಳು.

ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವಳು ಕೇಳಿದ್ದು ಕನ್ನಡದಲ್ಲಿ. ಏನೋ ತುರ್ತು ಇಲ್ಲದೆ ನಮ್ಮ ಕಾಲೇಜಿನ ಹುಡುಗಿಯರು ತರಗತಿಯಲ್ಲಿ ಕನ್ನಡಕ್ಕೆ ಇಳಿಯುತ್ತಿರಲಿಲ್ಲ. ಅದನ್ನಾದರೂ ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ. ನನಗೆ ಹಬ್ಬದ ಊಟಕ್ಕೆ ಎಲೆ ಹಾಕಿದಂತಾಯಿತು.

ಚಾಕ್‌ಪೀಸ್ ತೆಗೆದುಕೊಂಡು ಹೊರಟೆ. ಬೆಟ್ಟಗಳನ್ನೂ ಮುಳುಗಿಸುವಷ್ಟು ನೀರು ಬಂದರೆ ಸಿಹಿನೀರೂ ಉಪ್ಪುನೀರೂ ಬೆರೆತುಹೋಗುತ್ತವೆ ಎಂದೆ. ಹೊಳೆಯ ಮೀನಿಗೆ ಉಪ್ಪು ಹೆಚ್ಚಾಯಿತು, ಕಡಲ ಮೀನಿಗೆ ಕಡಿಮೆಯಾಯಿತು, ಆದ್ದರಿಂದ ನೀರಿನಲ್ಲಿ ಇರುವವೇ ಮೊದಲು ಸಾಯುತ್ತವೆ. ಮಣ್ಣಿನೊಳಗೆ ಗಾಳಿ ಇಲ್ಲ, ಎರೆಹುಳ ಹೋಯಿತು. ಹುಲ್ಲು ಕೊಳೆಯಿತು, ಮಣ್ಣಿಗೆ ಉಪ್ಪು ಹಿಡಿಯಿತು. ಯಾರೋ ಪುಣ್ಯಾತ್ಮರು ಜೋಡಿ ಜೋಡಿಯಾಗಿ ಹಡಗು ಹತ್ತಿಸಿ ಉಳಿಸಿದರೂ ಅವು ಹಡಗಿನಿಂದ ಇಳಿದು ತಿನ್ನುವುದು ಎಂತ? ಹುಲಿ ಮೊದಲ ದಿನ ಒಂದು ಜಿಂಕೆ ತಿಂದರೆ ಜಿಂಕೆಯ ವಂಶ ಅಲ್ಲಿಗೆ ಮುಗಿಯಿತು, ತಿನ್ನದಿದ್ದರೆ ಹುಲಿಯದ್ದು. ಇಲ್ಲಿ ಸೌದೆರಾಶಿಯ ಬೆಕ್ಕು ಬಂತು. ತರಗತಿ ನಕ್ಕಿತು. ಬದುಕಿದ ಒಂದೇ ಜೋಡಿಯ ಮಕ್ಕಳು ತಮ್ಮತಮ್ಮಲ್ಲೇ ಕೂಡಿ ಕೆಲವು ತಲೆಮಾರಿನಲ್ಲಿ ಹೇಗೆ ಕ್ಷೀಣಿಸುತ್ತವೆ ಎಂಬುದನ್ನೂ ಬಿಡಿಸಿ ಹೇಳಿದೆ. ಕೊನೆಗೆ ಬೋರ್ಡಿನ ನಡುವೆ ದೊಡ್ಡದೊಂದು ಸೊನ್ನೆ ಬರೆದು, "ಉತ್ತರ ಇದು. ಹರಿಣಾಕ್ಷಿ ದೋಣಿ ಕಟ್ಟಿಸ್ತಾಳಂತೆ, ಬೇಕಾದವರು ಈಗಲೇ ಸೀಟು ಹಿಡಿಯಿರಿ" ಎಂದೆ. ಬೆಂಚು ಬಡಿದು ನಕ್ಕರು. ಅವಳು ಕೂತುಕೊಂಡಳು. ಮುಖ ಕೆಳಗೆ ಹಾಕಲಿಲ್ಲ. ಆ ಸೊನ್ನೆಯನ್ನೇ ನೋಡುತ್ತಿದ್ದಳು.

ಮರುದಿನ ಅವಳು ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಅವಳ ಬಸ್ಸಿನಲ್ಲೇ ಬರುತ್ತಿದ್ದ ಗೆಳತಿಯನ್ನು ಕೇಳಿದಾಗ ವಿಷಯ ತಿಳಿಯಿತು. ನನ್ನ ತರಗತಿಗಿಂತ ನಾಲ್ಕು ದಿನ ಮುಂಚೆ ಅವರ ಮನೆಗೆ ಹೊಳೆ ನುಗ್ಗಿತ್ತು. ಮನೆಯಲ್ಲಿ ಇದ್ದದ್ದು ತಾಯಿ, ಮಗಳು ಇಬ್ಬರೇ. ಮಟಮಟ ಮಧ್ಯಾಹ್ನ, ನೋಡನೋಡುತ್ತ ಸೊಂಟದ ತನಕ ನೀರು. ಹಟ್ಟಿಯಲ್ಲಿ ಎರಡು ಹಸು, ಒಂದು ಕರು. ಕರುವಿನ ಹಗ್ಗ, ದನಗಳ ಹಗ್ಗ ಎಲ್ಲ ಒಂದೇ ಕಂಬಕ್ಕೆ. ನೆನೆದ ತೆಂಗಿನ ನಾರು ಉಬ್ಬಿ, ಹಸುಗಳು ಎಳೆದ ಎಳೆತಕ್ಕೆ ಗಂಟು ಕಲ್ಲಿನ ಹಾಗಾಗಿತ್ತು. ತಾಯಿ ಬಿಚ್ಚಲು ನೋಡಿದರು, ಹಲ್ಲು ಹಾಕಿ ಎಳೆದರು. ಕತ್ತಿ ಎಲ್ಲಿತ್ತೋ ನೀರಿನಡಿಯಲ್ಲಿ. ಎದೆಯ ತನಕ ಬಂದಾಗ ನೆರೆಮನೆಯವರು ಇಬ್ಬರನ್ನೂ ಎಳೆದುಕೊಂಡು ಗುಡ್ಡೆ ಹತ್ತಿಸಿದರು. ದನಗಳು ಕೂಗುವುದು ಗುಡ್ಡೆಗೆ ಕೇಳುತ್ತಿತ್ತಂತೆ. ಆಮೇಲೆ ಕೇಳಲಿಲ್ಲ.

ಇದಾಗಿ ನಾಲ್ಕನೆಯ ದಿನ ಆ ಹುಡುಗಿ ಕಾಲೇಜಿಗೆ ಬಂದು ನನ್ನನ್ನು ಆ ಪ್ರಶ್ನೆ ಕೇಳಿದ್ದಳು.

ಆ ಭಾನುವಾರ ನಾನು ಬಸ್ಸು ಹತ್ತಿದೆ. ಕ್ಷಮೆ ಕೇಳುವುದೆಂದು ನಿರ್ಧರಿಸಿಯೇ ಹೋದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿದೆ. ಬಸ್ಸಿಳಿದು ಗದ್ದೆಯ ಬದಿಗೆ ಬಂದಾಗ ಜೋಡಿಸಿದ್ದೆಲ್ಲ ಮರೆತುಹೋಯಿತು. ಎಲ್ಲಿ ನೋಡಿದರೂ ಒಂದೇ ಬಣ್ಣ. ಹುಲ್ಲು, ಗದ್ದೆಗಳ ನಡುವಿನ ಕಟ್ಟಪುಣಿ, ಮನೆಯ ಗೋಡೆ, ಹೂವಿನ ಗಿಡ ಎಲ್ಲದಕ್ಕೂ ಕೆಂಪು ಕೆಸರು ಮೆತ್ತಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಸದ್ದು ಇಲ್ಲದ್ದು. ಮಳೆಗಾಲದ ಗದ್ದೆಯಲ್ಲಿ ಒಂದು ಕಪ್ಪೆಯೂ ಕೂಗುವುದಿಲ್ಲ ಎಂದರೆ ಏನು ಎಂಬುದನ್ನು ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಯಾರೂ ಹೇಳಬೇಕಾಗಿಲ್ಲ. ನಾನು ಬೋರ್ಡಿನಲ್ಲಿ ಬರೆದ ಸೊನ್ನೆಯೊಳಗೆ ನಾನೇ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಹರಿಣಾಕ್ಷಿಯ ತಾಯಿ ಕಲ್ಯಾಣಿಯವರು ಜಗಲಿಯಲ್ಲಿ ಹಗ್ಗದ ಒಂದು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಗಂಟು ಹಾಕುವುದು, ಬಿಚ್ಚುವುದು ಮಾಡುತ್ತಿದ್ದರು. ಮಾಸ್ಟ್ರು ಮಂಗಳೂರಿನಿಂದ ಬಂದಿದ್ದಾರೆಂದು ಎದ್ದು ಮಣೆ ಕೊಟ್ಟರು. ಕಣ್ಣಚಾಯ ಮಾಡಿ ತಂದು, ಹಾಲಿಲ್ಲ ಎಂದು ಹೇಳಹೊರಟು ಅರ್ಧಕ್ಕೆ ನಿಲ್ಲಿಸಿದರು. ನಾನು ಆ ಚಾಯ ಕುಡಿದೆ. ಕ್ಷಮೆ ಕೇಳಲಿಲ್ಲ. ಅದರ ಬದಲಿಗೆ ಮೇಷ್ಟ್ರುಗಳು ಮಾಡುವುದನ್ನೇ ಮಾಡಿದೆ, ಹುಡುಗಿಗೆ ಒಂದು ಕೆಲಸ ಕೊಟ್ಟೆ. ಒಂದು ನೋಟ್‌ಬುಕ್ ಮಾಡು, ಈ ಅಂಗಳಕ್ಕೆ ಯಾವ ಜೀವ ಯಾವತ್ತು ಬಂತು ಬರಿ, ಒಂದು ವರ್ಷ ಬರಿ, ನಿನ್ನ ಪ್ರಾಜೆಕ್ಟ್ ಅದೇ ಆಗಲಿ ಎಂದೆ. ಅವಳು ತಲೆಯಾಡಿಸಿದಳು.

ಹೊರಡುವಾಗ ಕಲ್ಯಾಣಿಯವರು ಗುಡ್ಡೆಯ ಮರದ ಒಂದು ಹಲಸಿನಕಾಯಿಯನ್ನು ಗೋಣಿಯಲ್ಲಿ ಹಾಕಿ ಬಾಯಿ ಕಟ್ಟಿಕೊಟ್ಟರು. ಕಟ್ಟಿದವರು ನನ್ನ ಕೈಯನ್ನು ಹಿಡಿದು ಹಗ್ಗದ ತುದಿಯ ಮೇಲಿಟ್ಟರು. "ಇದನ್ನು ಎಳೆದರೆ ಸಾಕು ಮಾಸ್ಟ್ರೇ. ನೀರಲ್ಲಿ ನೆನೆದ್ರೂ ಬಿಚ್ತದೆ," ಎಂದರು. ಎರಡು ಸಲ ಬಿಚ್ಚಿ, ಎರಡು ಸಲ ನನ್ನ ಕೈಯಿಂದಲೇ ಹಾಕಿಸಿದರು. ಗಂಟು ಸರಿಯಾಗುವವರೆಗೆ ನನ್ನನ್ನು ಬಿಡಲಿಲ್ಲ.

ಹರಿಣಾಕ್ಷಿಯ ನೋಟ್‌ಬುಕ್ ಮುಂದಿನ ವರ್ಷ ನನ್ನ ಮೇಜಿಗೆ ಬಂತು. ಮೊದಲ ಪುಟದಲ್ಲಿ ನೊಣ. ಆಮೇಲೆ ಕಾಗೆ, ಗಿಡುಗ. ಅವು ಏಕೆ ಬಂದವು ಎಂದು ಅವಳು ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಗುಡ್ಡೆಯ ಕಡೆಯಿಂದ ಇರುವೆಯ ಒಂದು ಸಾಲು, ಅದು ಎಷ್ಟು ಹೊತ್ತಿಗೆ ಹಟ್ಟಿಯ ಕಂಬ ಮುಟ್ಟಿತು ಎಂಬುದೂ ಇತ್ತು. ಏಡಿ. ಒಂದು ಕಪ್ಪೆ, ಬರಿಯ ಒಂದೇ, ಉತ್ತರ ಬಾರದೆ ಹಲವು ದಿನ ಕೂಗಿದ್ದು. ಎರೆಹುಳ ಕಂಡದ್ದು ಮುಂದಿನ ಮಳೆಗಾಲಕ್ಕೆ. ಮಿಂಚುಹುಳದ ಎದುರು 'ಬರಲಿಲ್ಲ' ಎಂದು ಬರೆದಿದ್ದಳು. ಕೊನೆಯ ಪುಟದಲ್ಲಿ ಅವಳದೇ ಮಾತು: ಎಲ್ಲವೂ ಬಂದದ್ದು ಗುಡ್ಡೆಯಿಂದ. ಗುಡ್ಡೆ ಮುಳುಗಿರಲಿಲ್ಲ. ಗುಡ್ಡೆಯೂ ಮುಳುಗಿದ್ದರೆ ಸರ್ ಹೇಳಿದ ಉತ್ತರವೇ ಸರಿ.

ನಾನು ಕೆಂಪು ಶಾಯಿಯಲ್ಲಿ ಒಳ್ಳೆಯ ಅಂಕ ಬರೆದು ಸಹಿ ಹಾಕಿದೆ. ಅವಳ ಆ ವಾಕ್ಯದ ಕೆಳಗೆ ಏನಾದರೂ ಬರೆಯಬೇಕಿತ್ತು. ಬರೆಯಲಿಲ್ಲ. ಅವಳು ಮುಂದೆ ಬಿ.ಎಡ್. ಮಾಡಿ, ಬೆಳ್ತಂಗಡಿಯ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ಆದಳು. ಪ್ರತಿವರ್ಷ ಶಿಕ್ಷಕರ ದಿನಕ್ಕೆ ಅವಳ ಫೋನು ಬರುತ್ತಿತ್ತು. ಹೇಗಿದ್ದೀರಿ ಸರ್, ಚೆನ್ನಾಗಿದ್ದೇನೆ, ಅಮ್ಮ ಹೇಗಿದ್ದಾರೆ, ಇಷ್ಟೇ. ಮೂರು ವರ್ಷದ ಮೇಲೆ ಅಮ್ಮ ಗುಡ್ಡೆಮನೆಯಿಂದ ಒಂದು ಹೆಣ್ಣುಗರು ತಂದರು ಎಂದು ಒಂದು ಸಲ ಹೇಳಿದ್ದಳು. ಅಮ್ಮ ತೀರಿಕೊಂಡರು ಎಂದು ಇನ್ನೊಂದು ಸಲ.

ಈಗ ಹಮೀದಾಕನ ಆಡುಗಳ ವಿಷಯ. ಹಮೀದಾಕ ನಮ್ಮ ಪಕ್ಕದ ಮನೆಯವರು, ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವರು. ಕಂಕನಾಡಿಯಲ್ಲಿ ಅಂಗಡಿ ಇದೆ, ಮಕ್ಕಳು ಗಲ್ಫಿನಲ್ಲಿದ್ದಾರೆ, ಆದರೂ ತಾಯಿಯ ಕಾಲದಿಂದ ಬಂದ ಆಡು ಸಾಕುವ ಚಟ ಬಿಟ್ಟಿಲ್ಲ. ನಾಲ್ಕು ಆಡು. ಅವರಿಗೂ ನಾನು ಬೆನ್ನುಬಿಡದೆ ಈ ಗಂಟು ಕಲಿಸಿದ್ದೆ. ಪರಿಣಾಮವಾಗಿ ಆಡುಗಳು ಹಗ್ಗದ ತುದಿಯನ್ನು ಅಗಿದು ಎಳೆದು ತಾವೇ ಬಿಚ್ಚಿಕೊಂಡು ಬಂದು ಸುಗಂಧಿಯ ಬಸಳೆ ಚಪ್ಪರವನ್ನು ಎರಡು ಸಲ ಬೋಳು ಮಾಡಿದವು. ಆಮೇಲೆ ಅವಳು ಬಸಳೆಯನ್ನು ಕುಂಡದಲ್ಲಿ ತಾರಸಿಗೆ ಸಾಗಿಸಿ, ನಮ್ಮಿಬ್ಬರ ಹತ್ತಿರವೂ ಹಲವು ದಿನ ಮಾತು ಬಿಟ್ಟಳು.

ಎರಡು ವರ್ಷದ ಹಿಂದೆ ಹೊಳೆ ಬಂದದ್ದು ಬೆಳಗ್ಗೆ ಹತ್ತರ ಸುಮಾರಿಗೆ. ನನ್ನ ಬಾಲ್ಯದ ನೀರಿನಂತೆ ಅಂಗಳದಲ್ಲಿ ನಿಂತು ನೋಡುವ ನೀರಲ್ಲ. ಮೆಟ್ಟಿಲು ಹತ್ತಿ ಒಳಗೆ ಬಂತು. ಹಮೀದಾಕ ಅಂಗಡಿಯಲ್ಲಿ, ಅವರ ಹೆಂಡತಿ ಮಗಳ ಮನೆಯಲ್ಲಿ. ಗೋಡೆಯಾಚೆ ಆಡುಗಳು ಕೂಗಲು ತೊಡಗಿದವು. ನಾನು ಕೇಳಿರದ ಇನ್ನೊಂದು ಕೂಗನ್ನು ಎಷ್ಟೋ ವರ್ಷದಿಂದ ಕಿವಿಯಲ್ಲಿ ಇಟ್ಟುಕೊಂಡಿದ್ದೆ ಎಂಬುದು ಆಗ ತಿಳಿಯಿತು. ಸುಗಂಧಿ ಬೇಡ ಎಂದು ಅಂಗಿ ಹಿಡಿದಳು. ಬಿಡಿಸಿಕೊಂಡು ಇಳಿದೆ. ತೊಡೆಯ ಮಟ್ಟದ ನೀರು ಎಪ್ಪತ್ತು ದಾಟಿದವನಿಗೆ ಸಣ್ಣದೇನಲ್ಲ. ಗೋಡೆ ಹಿಡಿದು ಹಿಡಿದು ಹೋದೆ. ಆಡುಗಳು ಕುತ್ತಿಗೆ ಮೇಲೆತ್ತಿ ನಿಂತಿದ್ದವು. ಗಂಟನ್ನು ಕಣ್ಣಿನಿಂದ ನೋಡುವ ಹಾಗಿರಲಿಲ್ಲ, ಅದು ನೀರಿನೊಳಗಿತ್ತು. ಕೈ ಇಳಿಸಿ ತುದಿ ಹುಡುಕಿ ಎಳೆದೆ. ಒಂದು ಬಿಚ್ಚಿತು. ಇನ್ನೊಂದು. ನಾಲ್ಕೂ ಬಿಚ್ಚಿದವು. ನಾನು ಅವನ್ನು ಎಳೆದುಕೊಂಡು ಬಂದೆ ಎನ್ನುವುದಕ್ಕಿಂತ ಅವೇ ನನ್ನನ್ನು ನಮ್ಮ ತಾರಸಿಯ ಮೆಟ್ಟಿಲ ತನಕ ಎಳೆದುಕೊಂಡು ಬಂದವು ಎನ್ನುವುದು ನಿಜ.

ಮಧ್ಯಾಹ್ನದ ಮೇಲೆ ಹಮೀದಾಕ ನೀರಿನಲ್ಲಿ ನಡೆದುಕೊಂಡು ಬಂದು ತಾರಸಿ ಹತ್ತಿದರು. ಆಡುಗಳ ಬೆನ್ನಿನ ಮೇಲೆ ಒಂದೊಂದಾಗಿ ಕೈಯಿಟ್ಟು ನೋಡಿದರು. ಬಂದು ನನ್ನ ಪಕ್ಕದಲ್ಲಿ ಕೂತರು. ಹಸಿವಾದ ಆಡುಗಳು ಪುನಃ ಕೂಗಲು ಶುರುಮಾಡಿದವು. ಕೆಳಗೆ ನೋಡಿದರೆ ಕಣ್ಣಿಗೆ ಕಾಣುವಷ್ಟು ದೂರ ತಿನ್ನುವಂಥ ಒಂದು ಎಲೆಯೂ ಇಲ್ಲ. ಹಮೀದಾಕ ಕೇಳಿದರು: "ಮಾಸ್ಟ್ರೇ, ಪ್ರಳಯ ಮುಗಿದು ನೂಹ್ ನಬಿ ಹಡಗಿನಿಂದ ಇಳಿದ ದಿನ ಆಡುಗಳಿಗೆ ಎಂತ ತಿನ್ಲಿಕ್ಕೆ ಸಿಕ್ಕಿರಬಹುದು? ದೇವರು ಕೊಟ್ಟಿರ್ತಾನೆ, ಅದರಲ್ಲಿ ನನಗೆ ಸಂಶಯ ಇಲ್ಲ. ಎಂತ ಕೊಟ್ಟ ಅಂತ ಆಡು ಸಾಕಿದವನಿಗೆ ಗೊತ್ತಾಗ್ಬೇಕು."

ನನ್ನ ಹತ್ತಿರ ಉತ್ತರವಿತ್ತು, ಬೋರ್ಡಿನ ತುಂಬ ಬರೆದ ಉತ್ತರ. ಈ ಸಲ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಸುಗಂಧಿ ಎದ್ದು ತನ್ನ ಕುಂಡಗಳ ಹತ್ತಿರ ಹೋದಳು. ಒಂದು ಬಳ್ಳಿಯನ್ನು ಬುಡದಿಂದಲೇ ಕಿತ್ತು ತಂದು ಆಡುಗಳ ಮುಂದೆ ಹಾಕಿದಳು. ಆಮೇಲೆ ಇನ್ನೊಂದು. ಸಂಜೆಗೆ ಕುಂಡಗಳಲ್ಲಿ ಮಣ್ಣು ಮಾತ್ರ ಉಳಿಯಿತು. ಅವಳು ಅದರ ಬಗ್ಗೆ ಅಂದೂ ಮಾತನಾಡಲಿಲ್ಲ, ಇಂದಿನವರೆಗೂ ಮಾತನಾಡಿಲ್ಲ.

ಆ ತಾರಸಿಯ ಮೇಲೆಯೇ ನಾನು ಹಮೀದಾಕನಿಗೆ ಹರಿಣಾಕ್ಷಿಯ ಕಥೆ ಹೇಳಿದ್ದು. ಸುಗಂಧಿಗೂ ಅಲ್ಲಿಯವರೆಗೆ ಪೂರ್ತಿ ಹೇಳಿರಲಿಲ್ಲ. ಹಮೀದಾಕ ಕೊನೆಯ ತನಕ ಕೇಳಿ, "ಆ ಹುಡುಗಿಯ ಹತ್ರ ತಪ್ಪಾಯ್ತು ಅಂತ ಹೇಳಿದ್ರಾ?" ಎಂದರು. ಇಲ್ಲ ಎಂದೆ. "ಇಷ್ಟು ವರ್ಷ?" ಎಂದರು. ಇಷ್ಟು ವರ್ಷ ಎಂದೆ. ಅವರು ಮತ್ತೆ ಆಡುಗಳ ಕಡೆ ತಿರುಗಿದರು.

ನೀರು ಇಳಿದ ಮೇಲೆ ಬಾವಿ ನೋಡಿದೆ. ಭರತದ ಉಪ್ಪು ಒಳಗೆ ಸೇರಿತ್ತು. ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬಕೆಟ್ಟಿನಲ್ಲಿ ಅವನ್ನು ಎತ್ತುತ್ತಿರುವಾಗ ನನ್ನ ಪಾಠದ ಮೊದಲನೆಯ ವಾಕ್ಯವನ್ನೇ ಕೈಯಲ್ಲಿ ಹಿಡಿದಂತಾಯಿತು. ಒಳಗೆ ಬಂದು ಹರಿಣಾಕ್ಷಿಗೆ ಫೋನು ಮಾಡಿದೆ. ನಾನಾಗಿ ಅವಳಿಗೆ ಮಾಡಿದ ಮೊದಲ ಫೋನು. ಆಗಲೂ ನೆಪ ಹುಡುಕಿದೆ. ಕಪ್ಪೆ ಎಷ್ಟು ದಿನಕ್ಕೆ ಬಂತು, ನಿನ್ನ ನೋಟ್‌ಬುಕ್‌ನಲ್ಲಿ ನೋಡಿ ಹೇಳ್ತೀಯಾ ಎಂದೆ. ಭಾನುವಾರ ತರ್ತೇನೆ ಸರ್ ಎಂದಳು.

ಬಂದಳು. ತಲೆಯಲ್ಲಿ ಅಲ್ಲಲ್ಲಿ ನರೆ. ಕೆಸರು ತೊಳೆದು ಇನ್ನೂ ಒದ್ದೆಯಾಗಿದ್ದ ನಮ್ಮ ಜಗಲಿಯಲ್ಲಿ ಕೂತು ನೋಟ್‌ಬುಕ್ ತೆರೆದಳು. ಅವಳು ಕಪ್ಪೆಯ ಪುಟ ಹುಡುಕುವ ಮುಂಚೆಯೇ ನಾನು, ಅವತ್ತು ತರಗತಿಯಲ್ಲಿ ನಿನ್ನನ್ನು ನಗೆಪಾಟಲು ಮಾಡಿದೆ, ಅದು ದೊಡ್ಡ ತಪ್ಪು, ಅದನ್ನು ಹೇಳಲಿಕ್ಕೇ ನಿಮ್ಮ ಮನೆಗೆ ಬಂದು ಹೇಳದೆ ಹೋದೆ ಎಂದೆ.

ಅವಳು ನೋಟ್‌ಬುಕ್ಕಿನಿಂದ ತಲೆಯೆತ್ತಿದಳು. "ನೀವು ಹೇಳಿದ್ದೆಲ್ಲ ಸರಿಯೇ ಇತ್ತು ಸರ್. ನಾನೂ ಈಗ ಮಕ್ಕಳಿಗೆ ಅದನ್ನೇ ಪಾಠ ಮಾಡ್ತೇನೆ," ಎಂದಳು. ಆಮೇಲೆ, ಪುಟದ ಅಂಚನ್ನು ಉಗುರಿನಿಂದ ತೀಡುತ್ತ, "ಆ ಗಂಟು ನಾನೇ ಹಾಕಿದ್ದು," ಎಂದಳು.

ನೆರೆ ಬರುವ ಹಿಂದಿನ ದಿನ ದೊಡ್ಡ ಹಸು ಕಿತ್ತುಕೊಂಡು ಹೋಗಿ ಬೇರೆಯವರ ಗದ್ದೆಗೆ ಬಾಯಿ ಹಾಕಿತ್ತಂತೆ. ಅಮ್ಮ ಇವಳಿಗೆ ಬೈದರು. ಸಿಟ್ಟಿನಲ್ಲಿ ಇವಳು ಆ ಬೆಳಗ್ಗೆ ಎಲ್ಲ ಹಗ್ಗವನ್ನೂ ಒಂದೇ ಕಂಬಕ್ಕೆ ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದಿದ್ದಳು. ಎದೆಮಟ್ಟದ ನೀರಿನಲ್ಲಿ ಅಮ್ಮ ಹಲ್ಲಿನಿಂದ ಎಳೆದದ್ದು ಆ ಗಂಟನ್ನು. "ಅಮ್ಮನಿಗೆ ಗೊತ್ತಿತ್ತು. ಸಾಯುವವರೆಗೂ ಒಂದು ಮಾತು ಹೇಳಲಿಲ್ಲ, ಯಾರ ಹತ್ರವೂ. ನನ್ನ ಹತ್ರವೂ."

ಸುಗಂಧಿ ಚಾಯ ತಂದವಳು ಬಾಗಿಲಲ್ಲೇ ನಿಂತಳು. ಹರಿಣಾಕ್ಷಿ ಅಳಲಿಲ್ಲ. ಇಷ್ಟು ವರ್ಷ ನನ್ನ ತಪ್ಪನ್ನು ನಾನು ಎಷ್ಟು ದೊಡ್ಡದು ಮಾಡಿ ಇಟ್ಟುಕೊಂಡಿದ್ದೆ, ಅದರ ಪಕ್ಕದಲ್ಲಿ ಈ ಹುಡುಗಿ ಏನನ್ನು ಹೊತ್ತುಕೊಂಡು ಆ ಬೆಂಚಿನಲ್ಲಿ ಎದ್ದು ನಿಂತಿದ್ದಳು ಎಂದು ಯೋಚಿಸುತ್ತ ಕೂತೆ. ಸಮಾಧಾನ ಹೇಳಲು ಹೊರಟರೆ ಮತ್ತೆ ಪಾಠವಾಗುತ್ತದೆ ಎಂದು ಹೆದರಿಕೆಯಾಯಿತು. ಅವಳ ಮನೆಯಲ್ಲಿ ಕೂತು ಚಾಯ ಕುಡಿದ ದಿನವೇ ಕೇಳಬೇಕಾಗಿದ್ದ ಒಂದು ಸಣ್ಣ ಮಾತು ನೆನಪಾಯಿತು. ಅದನ್ನೇ ಕೇಳಿದೆ.

"ಅವಕ್ಕೆ ಹೆಸರೆಂತ ಇಟ್ಟಿದ್ರಿ?"

ಅವಳು ನನ್ನ ಮುಖ ನೋಡಿದಳು. "ದೊಡ್ಡದು ಕಾವೇರಿ. ಇನ್ನೊಂದು ಬೊಳ್ಳಿ, ಪೂರ್ತಿ ಬಿಳಿ ಇತ್ತು."

"ಕರು?"

"ಹುಟ್ಟಿ ಒಂಬತ್ತು ದಿನ ಆಗಿತ್ತಷ್ಟೇ ಸರ್," ಎಂದಳು. "ಹೆಸರು ಇಡ್ಲಿಕ್ಕೆ ಅಮ್ಮ ನನಗೆ ಹೇಳಿದ್ರು."